ಫೋನ್ ಎತ್ತಿದರೆ ನೆಟ್ ಹೋಗುತ್ತದೆ

ಮನೆಯ ಫೋನು, ಇಂಟರ್‌ನೆಟ್ಟು, ವೈರಿಂಗು: ಓದುಗರ ಪ್ರಶ್ನೆಗಳಿಗೆ ಹುಬ್ಬಳ್ಳಿಯ ನಿವೃತ್ತ ದೂರವಾಣಿ ಎಂಜಿನಿಯರ್ ಒಬ್ಬರ ಉತ್ತರ

ಹೋದ ಸಂಚಿಕೆಯಲ್ಲಿ ರೂಟರನ್ನು ಮನೆಯಲ್ಲಿ ಎಲ್ಲಿಡಬೇಕು ಎಂದು ಬರೆದಿದ್ದೆ. ಅದರ ಬೆನ್ನಿಗೇ ಕಾರ್ಡ್‌ಲೆಸ್ ಫೋನಿನ ಮೇಲೆ ದೂರು ಹೇಳುವ ಪತ್ರಗಳು ಬಂದಿವೆ. ಕೆಲವು ಮನೆಗಳಲ್ಲಿ ತಪ್ಪು ಫೋನಿನದೇ. ಇನ್ನು ಕೆಲವು ಕಡೆ ಪಾಪ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬ್ಯಾಂಕಿನಿಂದ ನಿವೃತ್ತನಾದವನು. ಲ್ಯಾಂಡ್‌ಲೈನ್ ಇನ್ನೂ ಇಟ್ಟುಕೊಂಡಿದ್ದೇನೆ. ಅದಕ್ಕೆ ಮಗಳು ಎಷ್ಟೋ ವರ್ಷದ ಕೆಳಗೆ ಅಮೆರಿಕದಿಂದ ತಂದುಕೊಟ್ಟ ಕಾರ್ಡ್‌ಲೆಸ್ ಹಾಕಿದ್ದೇವೆ. ಇಂಟರ್‌ನೆಟ್ ಬೇರೆ ಕಂಪನಿಯದು, ಫೈಬರ್. ನಾನು ಫೋನ್ ಹಿಡಿದು ಮಾತಿಗೆ ಕೂತರೆ ಮೊಮ್ಮಗಳ ಆನ್‌ಲೈನ್ ಟ್ಯೂಷನ್ ನಿಂತುಹೋಗುತ್ತದೆ. ಟೀಚರ್ ತೆರೆದ ಬಾಯಿ ತೆರೆದೇ ಇರುತ್ತದೆ. ಫೋನ್ ಇಟ್ಟರೆ ಎಲ್ಲ ಸರಿ. ಮಗ ‘ಆ ಫೋನ್ ಎಸೀರಿ ಅಪ್ಪ’ ಅನ್ನುತ್ತಾನೆ. ಸೊಸೆಗೆ ರೂಟರ್ ಮೇಲೆ ಅನುಮಾನ. ಕಂಪನಿಯ ಹುಡುಗ ಬಂದು ನೋಡಿ, ‘ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ ಸರ್’ ಎಂದು ಹೋದ. ಬೇಸಿನ ಫೋಟೋ ಜೊತೆಗಿಟ್ಟಿದ್ದೇನೆ.
ಸರಸ್ವತಿಪುರಂ, ಮೈಸೂರು

ಉತ್ತರ: ಫೋನು ತಾಮ್ರದ ತಂತಿಯಲ್ಲಿ, ಇಂಟರ್‌ನೆಟ್ಟು ಫೈಬರಿನಲ್ಲಿ, ಅದೂ ಬೇರೆ ಬೇರೆ ಕಂಪನಿ. ಅಂದಮೇಲೆ ತಂತಿಯೊಳಗೆ ಜಗಳವಾಗುವ ಪ್ರಶ್ನೆಯೇ ಇಲ್ಲ. ಕಂಪನಿಯ ಹುಡುಗ ಹೇಳಿದ್ದು ನಿಜ: ಅವರ ಫೈಬರು ಗೋಡೆಯ ಡಬ್ಬಿಯ ತನಕ ಸುಸೂತ್ರವಾಗಿ ಬರುತ್ತಿದೆ. ಕೆಡುತ್ತಿರುವುದು ರೂಟರಿನಿಂದ ಮೊಮ್ಮಗಳ ಲ್ಯಾಪ್‌ಟಾಪಿನ ನಡುವೆ ಇರುವ ಆ ನಾಲ್ಕು ಹೆಜ್ಜೆ ಗಾಳಿಯಲ್ಲಿ.

ನೀವು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬೇಸಿನ ತಳದ ಲೇಬಲ್ಲಿನಲ್ಲಿ 2.4 ಗಿಗಾಹರ್ಟ್ಸ್ ಎಂದು ಸ್ಪಷ್ಟವಾಗಿದೆ. ನಿಮ್ಮ ರೂಟರಿನ ವೈ-ಫೈ ಕೂಡ ಅಲ್ಲೇ ಇದೆ. ಎರಡೂ ಒಂದೇ ತರಂಗಪಟ್ಟಿಗೆ ಬಂದು ಕೂತದ್ದು ಆಕಸ್ಮಿಕವಲ್ಲ. 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ರೇಡಿಯೋ ಸಮ್ಮೇಳನದಲ್ಲಿ, ಸಂದೇಶ ಕಳಿಸದೆ ಬರೀ ಕಾಯಿಸಲು, ಒಣಗಿಸಲು, ಚಿಕಿತ್ಸೆಗೆ ತರಂಗ ಬಳಸುವ ಯಂತ್ರಗಳಿಗೆಂದು ಕೆಲವು ಪಟ್ಟಿಗಳನ್ನು ತೆಗೆದಿಟ್ಟರು. 2.4 ಅವುಗಳಲ್ಲೊಂದು. ಗದ್ದಲದ ಜಾಗ, ಹಾಗಾಗಿ ಬೇರೆ ಯಾರಿಗೂ ಬೇಡ. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ, ಶಕ್ತಿ ಕಡಿಮೆ ಇದ್ದು ತರಂಗವನ್ನು ಹರಡಿ ಕಳಿಸುವುದಾದರೆ ಅಲ್ಲಿ ಲೈಸೆನ್ಸ್ ಇಲ್ಲದೆಯೇ ರೇಡಿಯೋ ಬಳಸಿಕೊಳ್ಳಿ ಎಂದಿತು. ಕಾರ್ಡ್‌ಲೆಸ್ ಫೋನಿನವರು ನುಗ್ಗಿದರು. 1997ರಲ್ಲಿ ವೈ-ಫೈನ ಮೊದಲ ಮಾನದಂಡ ಬಂತು, ಆಮೇಲೆ ಬ್ಲೂಟೂತ್. ನಮ್ಮ ದೇಶದಲ್ಲಿ 2005ರ ಜನವರಿಯಲ್ಲಿ ಈ ಪಟ್ಟಿಗೆ ಲೈಸೆನ್ಸ್ ಬೇಡವೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಬಿಟ್ಟಿ ಜಾಗ ಎಂದ ಮೇಲೆ ಇನ್ನೇನು, ಬಂದವರೆಲ್ಲ ಚಾಪೆ ಹಾಸಿದರು.

ಚಾಪೆಗಳೇನೋ ಹೊಂದಿಕೊಳ್ಳುತ್ತಿದ್ದವು, ಆದರೆ ಸ್ವಭಾವ ಬೇರೆ. ವೈ-ಫೈ ಹೊರಡುವ ಮೊದಲು ಕಿವಿಗೊಟ್ಟು ಕೇಳುತ್ತದೆ. ಗಾಳಿಯಲ್ಲಿ ಸದ್ದಿದ್ದರೆ ಕಾಯುತ್ತದೆ. ಕಳಿಸಿದ ಮೇಲೆ ‘ಮುಟ್ಟಿತು’ ಎಂಬ ಉತ್ತರ ಬರದಿದ್ದರೆ ಅದನ್ನೇ ಮತ್ತೆ ಕಳಿಸುತ್ತದೆ, ಆಮೇಲೆ ವೇಗವನ್ನೂ ತಾನಾಗಿ ಇಳಿಸಿಕೊಳ್ಳುತ್ತದೆ. ನಿಮ್ಮ ಕಾಲದ ಕಾರ್ಡ್‌ಲೆಸ್ಸಿಗೆ ಅಂಥ ದಾಕ್ಷಿಣ್ಯ ಇಲ್ಲ. ನೀವು ಮಾತಾಡುವಷ್ಟು ಹೊತ್ತೂ ಅದು ತನ್ನ ಪಾಡಿಗೆ ಕಳಿಸುತ್ತಲೇ ಇರುತ್ತದೆ. ಅದೂ ಒಂದೇ ಜಾಗದಲ್ಲಿ ನಿಂತಲ್ಲ. ಕುಂಟೆಬಿಲ್ಲೆ ಆಡುವ ಹುಡುಗಿ ಮನೆಯಿಂದ ಮನೆಗೆ ಹಾರುವಂತೆ ಸೆಕೆಂಡಿಗೆ ಎಷ್ಟೋ ಸಲ ಪಟ್ಟಿಯ ಉದ್ದಕ್ಕೂ ಹಾರುತ್ತಿರುತ್ತದೆ. ಲೇಬಲ್ಲಿನಲ್ಲೇ ಹಾಗೆ ಹಾರುವ ಜಾತಿ ಎಂದು ಬರೆದಿದೆ. ಅದಕ್ಕೇ ರೂಟರಿನ ಚಾನೆಲ್ ಬದಲಿಸಿ ಎಂಬ ಸಲಹೆ ನಿಮ್ಮ ಮನೆಯಲ್ಲಿ ನಡೆಯುವುದಿಲ್ಲ. 1ಕ್ಕೆ ಹಾಕಿದರೂ 11ಕ್ಕೆ ಹಾಕಿದರೂ ಫೋನು ಅಲ್ಲಿಗೂ ಕಾಲಿಡುತ್ತದೆ.

ಫೈಲ್ ಇಳಿಸುವಾಗ ಇಂಥ ಅಡಚಣೆ ಗೊತ್ತೇ ಆಗುವುದಿಲ್ಲ, ಒಂದೆರಡು ನಿಮಿಷ ತಡವಾದೀತು ಅಷ್ಟೆ. ಪಾಠದ ವಿಡಿಯೋಕ್ಕೆ ಕಾಯಲು ಪುರುಸೊತ್ತಿಲ್ಲ. ಹಾಗಾಗಿ ಟೀಚರು ಬಾಯಿ ತೆರೆದು ನಿಲ್ಲುತ್ತಾರೆ.

ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ರೂಟರಿನಿಂದ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಿಕ್ಕಿಸಿ, ವೈ-ಫೈ ಆಫ್ ಮಾಡಿ, ಆಮೇಲೆ ತಂಗಿಗೋ ತಮ್ಮನಿಗೋ ಫೋನ್ ಮಾಡಿ ಎಂದಿನಂತೆ ಮಾತಾಡಿ. ಪಾಠ ನಿಲ್ಲದಿದ್ದರೆ ಕಳ್ಳ ಸಿಕ್ಕಿದ. ಹಾಗೆ ನೋಡಿದರೆ ಆ ಕೇಬಲ್ಲನ್ನು ಅಲ್ಲೇ ಬಿಟ್ಟುಬಿಡುವುದೂ ಒಂದು ಪರಿಹಾರವೇ, ನನಗಂತೂ ಅದೇ ಇಷ್ಟ. ಮನೆಯವರಿಗೆ ತಂತಿ ಕಂಡರಾಗದಿದ್ದರೆ ರೂಟರಿನ 5 ಗಿಗಾಹರ್ಟ್ಸ್ ಹೆಸರಿಗೆ ಲ್ಯಾಪ್‌ಟಾಪನ್ನು ಸೇರಿಸಿ. ಈಗಿನ ಫೈಬರ್ ರೂಟರುಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. ಎರಡಕ್ಕೂ ಒಂದೇ ಹೆಸರಿದ್ದರೆ ಲ್ಯಾಪ್‌ಟಾಪು ಯಾವುದನ್ನು ಹಿಡಿಯಿತೋ ತಿಳಿಯುವುದಿಲ್ಲ. ಬೇರೆ ಹೆಸರಿಡಲು ಹೇಳಿ. 5 ಗಿಗಾಹರ್ಟ್ಸ್ ದಪ್ಪ ಗೋಡೆ ದಾಟುವುದರಲ್ಲಿ ಸೋಮಾರಿ. ಮೊಮ್ಮಗಳ ಕೋಣೆ ಹಿಂದಿದ್ದರೆ ಅವಳನ್ನು ನಡುಮನೆಗೆ ಕರೆತನ್ನಿ.

ಇನ್ನೊಂದು ಮಾತು: ಬೇಸನ್ನು ದೂರ ಇಟ್ಟು, ಕೈಯಲ್ಲಿ ಹ್ಯಾಂಡ್‌ಸೆಟ್ ಹಿಡಿದು ಮೊಮ್ಮಗಳ ಪಕ್ಕದಲ್ಲೇ ಕೂತರೆ ಏನೂ ಸಾಧಿಸಿದಂತಾಗಲಿಲ್ಲ. ಹ್ಯಾಂಡ್‌ಸೆಟ್ ಕೂಡ ತರಂಗ ಕಳಿಸುತ್ತದೆ. ವರಾಂಡಕ್ಕೆ ಹೋಗಿ ಮಾತಾಡಿ.

ನನ್ನನ್ನೇ ಕೇಳಿದರೆ, ಮಗ ಹೇಳಿದ್ದು ಮಾಡಿ. ಮಗಳು ತಂದದ್ದು ಎಂಬ ಅಕ್ಕರೆ ಅರ್ಥವಾಗುತ್ತದೆ, ಷೋಕೇಸಿನಲ್ಲಿಡಿ. ಇಲ್ಲಿ ಅಂಗಡಿಯಲ್ಲಿ ಡೆಕ್ಟ್ (ಮನೆಯ ತಂತಿಯಿಲ್ಲದ ಫೋನುಗಳದೇ ಒಂದು ಮಾನದಂಡ) ಎಂದು ಕೇಳಿ, 1880ರಿಂದ 1900 ಮೆಗಾಹರ್ಟ್ಸ್ ಎಂದು ಬರೆದಿರುವುದನ್ನು ಕೊಳ್ಳಿ. ವೈ-ಫೈ ಆ ಕಡೆ ಸುಳಿಯುವುದೂ ಇಲ್ಲ. ರೂಟರ್ ಬದಲಿಸುವ ದುಡ್ಡು ಸೊಸೆಗೇ ಉಳಿಯಲಿ.

ಪ್ರಶ್ನೆ: ನಮ್ಮದು ಅಡಕೆ ತೋಟದ ಮನೆ, ಫೈಬರ್ ಇನ್ನೂ ಬಂದಿಲ್ಲ. ಹಳೆಯ ಟೆಲಿಫೋನ್ ತಂತಿಯಲ್ಲೇ ಬ್ರಾಡ್‌ಬ್ಯಾಂಡ್. ಫೋನ್ ರಿಂಗಾದರೆ ಸಾಕು, ನೆಟ್ ಹೋಗಿ ಎರಡು ಮೂರು ನಿಮಿಷ ಬಿಟ್ಟು ಬರ್ತದೆ. ಮಳೆಗಾಲದಲ್ಲಿ ಜಾಸ್ತಿ. ಕಾರ್ಡ್‌ಲೆಸ್ ತೆಗೆದು ಹಳೇ ಕರಿ ಫೋನ್ ಹಾಕಿದರೆ ಸರಿಯಾದೀತಾ?
ಶಿರಸಿ ತಾಲ್ಲೂಕು

ಉತ್ತರ: ಆಗಲಿಕ್ಕಿಲ್ಲ ನೋಡ್ರಿ. ಮಳೆಗೆ ಜಾಸ್ತಿಯಾಗುತ್ತದೆ ಎಂದಿರಲ್ಲ, ಅಲ್ಲೇ ಇದೆ ಉತ್ತರ. ಮಳೆ ಹನಿ ನಿಮ್ಮ ನಡುಮನೆಯ ಗಾಳಿಗೆ ಏನೂ ಮಾಡುವುದಿಲ್ಲ, ಕಂಬದ ಮೇಲಿನ ತಂತಿಗೆ ಮಾಡುತ್ತದೆ.

ಮೋಡೆಮ್ಮಿನಲ್ಲಿ ಡಿಎಸ್‌ಎಲ್ ಎಂದು ಬರೆದ ದೀಪ ಇದೆ. ಮುಂದಿನ ಸಲ ಫೋನ್ ಬಂದಾಗ ಅದನ್ನೇ ನೋಡುತ್ತಿರಿ. ಅದು ಆರಿದರೆ, ಅಥವಾ ಮಿಟುಕಲು ಶುರು ಮಾಡಿದರೆ, ಕೆಟ್ಟದ್ದು ತಂತಿಯಲ್ಲಿ. ಅದು ನಿಶ್ಚಲವಾಗಿ ಉರಿಯುತ್ತಿದ್ದು ಮೊಬೈಲು, ಲ್ಯಾಪ್‌ಟಾಪಿನಲ್ಲಿ ಮಾತ್ರ ನೆಟ್ ಹೋದರೆ ಆಗ ಕಾರ್ಡ್‌ಲೆಸ್ಸನ್ನು ಹಿಡಿಯೋಣ.

ಒಂದೇ ಜೋಡಿ ತಂತಿಯಲ್ಲಿ ನಿಮ್ಮ ಮಾತೂ ನೆಟ್ಟೂ ಒಟ್ಟಿಗೆ ಬರುತ್ತವೆ. ಮಾತಿಗೆ 4 ಕಿಲೋಹರ್ಟ್ಸ್ ಒಳಗಿನ ಜಾಗ, ಬ್ರಾಡ್‌ಬ್ಯಾಂಡಿಗೆ ಸುಮಾರು 25 ಕಿಲೋಹರ್ಟ್ಸ್‌ನಿಂದ ಮೇಲಿನದು. ಇವನ್ನು ಬೇರೆ ಮಾಡುವುದು ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿ. ಗಂಟೆ ಬಾರಿಸಲು ಎಕ್ಸ್‌ಚೇಂಜಿನಿಂದ ಸುಮಾರು 75 ವೋಲ್ಟಿನ ಕರೆಂಟು ಬರುತ್ತದೆ. ಸ್ಪ್ಲಿಟರ್ ಕೆಟ್ಟಿದ್ದರೆ, ಅಥವಾ ತಂತಿ ಸ್ಪ್ಲಿಟರಿಗೆ ಸೇರುವ ಮೊದಲೇ ಯಾರೋ ಮಾಳಿಗೆಗೆಂದು ಪ್ಯಾರಲಲ್ ಎಳೆದು ಇನ್ನೊಂದು ಫೋನ್ ಹಾಕಿದ್ದರೆ, ಆ ಹೊಡೆತ ನೇರ ಮೋಡೆಮ್ಮಿಗೆ ತಾಗುತ್ತದೆ. ಹಳೆಯ ದೊಡ್ಡ ಮನೆಗಳಲ್ಲಿ ಇಂಥ ಮರೆತುಹೋದ ಪ್ಯಾರಲಲ್ ತಂತಿ ಅಟ್ಟದ ಮೇಲೋ ಕೊಟ್ಟಿಗೆ ಕಡೆಗೋ ಸಿಕ್ಕೇ ಸಿಗುತ್ತದೆ. ಹುಡುಕಿ.

ಅದಿಲ್ಲದಿದ್ದರೆ ರೋಸೆಟ್ ಬಾಕ್ಸ್, ಅಂದರೆ ಹೊರಗಿನ ತಂತಿ ಬಂದು ಸೇರುವ ಗೋಡೆಯ ಡಬ್ಬಿ, ಬಿಚ್ಚಿಸಿ. ನಾನು ಸರ್ವಿಸಿನಲ್ಲಿದ್ದಾಗ ಮಲೆನಾಡಿನ ದೂರು ಬಂದರೆ ಲೈನ್‌ಮನ್‌ಗೆ ಮೊದಲು ಹೇಳುತ್ತಿದ್ದುದೇ ಅದು. ಮುಚ್ಚಳ ತೆಗೆದರೆ ಒಳಗೆ ಇರುವೆಗಳ ಸಂಸಾರ, ಹಸಿರು ತಿರುಗಿದ ತಾಮ್ರ, ಸಡಿಲ ಸ್ಕ್ರೂ. ಅಲ್ಲೂ ಚೆನ್ನಾಗಿದ್ದರೆ ಕಂಬದ ಡಿಪಿ ಬಾಕ್ಸಿನಿಂದ ಮನೆಗೆ ಬರುವ ಡ್ರಾಪ್ ವೈರಿನಲ್ಲಿ ಜಾಯಿಂಟ್ ಎಲ್ಲೆಲ್ಲಿದೆ ಎಂದು ನೋಡಲಿ. ಬರೀ ಟೇಪ್ ಸುತ್ತಿದ ಜಾಯಿಂಟು ಶಿರಸಿಯ ಮಳೆಗೆ ಒಂದು ಆಷಾಢವನ್ನೂ ತಡೆಯುವುದಿಲ್ಲ. ಕರಿ ಫೋನ್ ಇದ್ದರೆ ಹೇಗೂ ಇಟ್ಟುಕೊಂಡಿರಿ, ಕರೆಂಟು ಹೋದಾಗ ಕಾರ್ಡ್‌ಲೆಸ್ ಮಲಗುತ್ತದೆ, ಅದು ಮಲಗುವುದಿಲ್ಲ.

ಪ್ರಶ್ನೆ: ಇಲ್ಲಿ ನಮ್ಮ ಮನೆಯಲ್ಲಿ ಡೆಕ್ಟ್ 6.0 ಫೋನ್ ಇದೆ. ಹೊಸ ರೂಟರ್ 6 ಗಿಗಾಹರ್ಟ್ಸಿನದು. 6ಕ್ಕೆ 6 ತಾಗಿ ತೊಂದರೆ ಆಗುವುದಿಲ್ಲವೇ? ಎರಡು ಹ್ಯಾಂಡ್‌ಸೆಟ್ಟಿನ ಇದೇ ಸೆಟ್ಟನ್ನು ಹಾಸನದಲ್ಲಿರುವ ಅಮ್ಮನಿಗೂ ತರಬೇಕೆಂದಿದ್ದೇನೆ. ಅವರಿಗೆ ಮೊಣಕಾಲು ನೋವು, ಫೋನಿಗೆ ಎದ್ದು ಓಡಲು ಆಗುವುದಿಲ್ಲ.
ಎಡಿಸನ್, ನ್ಯೂಜೆರ್ಸಿ

ಉತ್ತರ: ನಿಮ್ಮ ಫೋನು 6 ಗಿಗಾಹರ್ಟ್ಸಿನದಲ್ಲ. ಅದು ಓಡುವುದು 1920ರಿಂದ 1930 ಮೆಗಾಹರ್ಟ್ಸಿನಲ್ಲಿ, ಅಂದರೆ 2 ಗಿಗಾಹರ್ಟ್ಸಿಗೂ ಕೆಳಗೆ. ಅಲ್ಲಿ ಮೊದಲು 2.4, ಆಮೇಲೆ 5.8 ಎಂದು ಫೋನ್ ಮಾರಿದ್ದರು. ಕೊಳ್ಳುವವರ ಕಣ್ಣಿಗೆ ಅದಕ್ಕಿಂತ ದೊಡ್ಡ ಸಂಖ್ಯೆ ಬೀಳಲಿ ಎಂದು 6.0. ನಿಮ್ಮ ವೈ-ಫೈಗೆ ಅದರಿಂದ ಭಯವಿಲ್ಲ. ನೆಲಮಾಳಿಗೆಯಲ್ಲಿ ಹಳೆಯ 5.8ರ ಫೋನೇನಾದರೂ ಉಳಿದಿದ್ದರೆ ಅದು ಬೇರೆ ಮಾತು. 5 ಗಿಗಾಹರ್ಟ್ಸ್ ವೈ-ಫೈನ ಮೇಲಿನ ಚಾನೆಲ್ಲುಗಳು, 149ರಿಂದ 165ರವರೆಗಿನವು, ಅದೇ ಜಾಗದಲ್ಲಿವೆ.

ಅಮ್ಮನಿಗೆ ಮಾತ್ರ ಅದನ್ನು ತರಬೇಡಿ. 120 ವೋಲ್ಟಿನ ಅಡಾಪ್ಟರನ್ನು ಹಾಸನದ 230 ವೋಲ್ಟಿಗೆ ಸಿಕ್ಕಿಸಿದರೆ ಹೊಗೆ ಬರುತ್ತದೆ ಎನ್ನುವುದು ಸಣ್ಣ ಕಾರಣ. ದೊಡ್ಡದು ಇದು: ನಿಮ್ಮಲ್ಲಿ ಮನೆಯ ಫೋನಿಗೆ ಬಿಟ್ಟ ಆ 1920ರ ಪಟ್ಟಿ ಇಲ್ಲಿ ಮೊಬೈಲಿನ ಪಟ್ಟಿಯೊಳಗೆ ಬರುತ್ತದೆ. ನಮ್ಮ ಮೊಬೈಲುಗಳು ಟವರಿಗೆ ಮಾತು ಕಳಿಸುವ 1920–1980 ಮೆಗಾಹರ್ಟ್ಸಿನ ಮೊದಲ ತುಂಡು ಅದು. 2010ರ 3ಜಿ ಹರಾಜಿನಲ್ಲಿ ಸರ್ಕಾರಕ್ಕೆ 67,000 ಕೋಟಿ ರೂಪಾಯಿಗೂ ಹೆಚ್ಚು ಬಂದದ್ದು ಈ ಮೊಬೈಲ್ ಪಟ್ಟಿಯ ತರಂಗಗಳಿಂದಲೇ. ಅಮ್ಮನ ಹ್ಯಾಂಡ್‌ಸೆಟ್ಟು ಅವರ ಬೀದಿಯ ಟವರಿನ ಕಿವಿಯಲ್ಲೇ ಕೂಗುತ್ತಿರುತ್ತದೆ. ಪಕ್ಕದ ಮನೆಯವರ ಮೊಬೈಲು ಕಟ್ಟಾದೀತು, ಕಾನೂನಿಗೂ ಸಲ್ಲುವುದಿಲ್ಲ. ಹಾಸನದಲ್ಲೇ ಇಲ್ಲಿನ ಡೆಕ್ಟ್ ಸೆಟ್ ಕೊಡಿಸಿ. ಒಂದು ಹ್ಯಾಂಡ್‌ಸೆಟ್ ಮಂಚದ ಪಕ್ಕ, ಇನ್ನೊಂದು ಅಡುಗೆಮನೆಯಲ್ಲಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಕಾರ್ಡ್‌ಲೆಸ್ ಇಲ್ಲ, ಆದರೂ ಸಂಜೆ ಏಳರ ಮೇಲೆ ವೈ-ಫೈ ನಿಧಾನ.
ಎಚ್‌ಎಸ್‌ಆರ್ ಲೇಔಟ್, ಬೆಂಗಳೂರು

ಉತ್ತರ: ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಮೊಬೈಲು ಎಷ್ಟು ವೈ-ಫೈ ಹೆಸರು ತೋರಿಸುತ್ತದೆ ನೋಡಿ, ಅಷ್ಟೂ ರೂಟರುಗಳು ಸಂಜೆ ದುಡಿಯುತ್ತವೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6, 11. ಬುದ್ಧಿವಂತಿಕೆ ಮಾಡಿ 3ಕ್ಕೋ 8ಕ್ಕೋ ಹಾಕಿಕೊಂಡರೆ ಎರಡು ಕಡೆಯವರ ಜಗಳಕ್ಕೂ ಸಿಕ್ಕಿಕೊಳ್ಳುತ್ತೀರಿ. 5 ಗಿಗಾಹರ್ಟ್ಸಿಗೆ ಹೋಗಿ. ಹೋದರೂ ನಿಧಾನವೇ ಇದ್ದರೆ ಕಂಪನಿಗೆ ಫೋನ್ ಮಾಡಿ.

ಪ್ರಶ್ನೆ: ಜಾಗ ಸಾಲದು ಅಂತ ರೂಟರನ್ನು ಅಡುಗೆಮನೆಯಲ್ಲಿ ಮೈಕ್ರೋವೇವ್ ಓವನ್ ಮೇಲೆ ಇಟ್ಟಿದ್ದೇವೆ, ಅದರ ಪಕ್ಕಕ್ಕೆ ಕಾರ್ಡ್‌ಲೆಸ್ ಬೇಸ್. ಅನ್ನ ಬಿಸಿ ಮಾಡುವಾಗ ಮನೆಯವರ ಆಫೀಸ್ ಮೀಟಿಂಗ್ ಕಟ್ ಆಗ್ತದೆ.
ದಾವಣಗೆರೆ

ಉತ್ತರ: ಓವನ್ನೂ 2.45ರಲ್ಲೇ ಕೆಲಸ ಮಾಡುತ್ತದೆ, ಫೋನಿನ ಹತ್ತಾರು ಸಾವಿರ ಪಟ್ಟು ಶಕ್ತಿಯಲ್ಲಿ. ಬಾಗಿಲಿನ ಸಂದಿಯಿಂದ ಸೋರುವುದು ನಿಮಗೆ ಅಪಾಯವಿಲ್ಲದಷ್ಟು ಸಣ್ಣದು, ಆದರೆ ಮೇಲೇ ಕೂತ ರೂಟರಿಗೆ ಅದೇ ಸಾಕಷ್ಟಾಯಿತು. ರೂಟರನ್ನು ನಡುಮನೆಗೆ, ಎದೆಯೆತ್ತರದ ಶೆಲ್ಫಿಗೆ ತನ್ನಿ. ಟಿವಿಯ ಹಿಂದೆ ಬೇಡ, ಕಬ್ಬಿಣದ ಬೀರುವಿನ ಮೇಲೂ ಬೇಡ. ಬೇಸಿನ ತಳದ ಲೇಬಲ್ಲಿನಲ್ಲಿ 1880 ಎಂದಿದ್ದರೆ ಅದು ಅಡುಗೆಮನೆಯಲ್ಲೇ ಇರಲಿ. 2.4 ಎಂದಿದ್ದರೆ ಮೇಲೆ ಮೈಸೂರಿನವರಿಗೆ ಬರೆದದ್ದನ್ನು ಓದಿ. ಅಷ್ಟಾಗುವ ತನಕ ಮೀಟಿಂಗ್ ಇರುವಾಗ ಅನ್ನವನ್ನು ಒಲೆಯ ಮೇಲೆ ಬಿಸಿ ಮಾಡಿ.