ಸಿ ಪ್ರೋಗ್ರಾಮಿನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆಯುವ ಪದ್ಧತಿ) ಪತ್ತೆಯನ್ನು ಪರೀಕ್ಷಿಸಲು ನೂರು ಮಾದರಿ ಕಡತಗಳು ಸಾಕೇ?

ನಾನು ಅರವತ್ತು ಕೂಡಿಹಾಕಿದ್ದೆ. ಅರವತ್ತೂ ಪಾಸಾದವು, ಒಂದೂ ನನ್ನನ್ನು ಕಾಪಾಡಲಿಲ್ಲ.

ಕನ್ನಡ ಪಠ್ಯವನ್ನೆಲ್ಲ ಯುಟಿಎಫ್-8 ಎಂಬ, ಎಲ್ಲ ಭಾಷೆಗಳಿಗೂ ಆಗುವ ಎನ್‌ಕೋಡಿಂಗಿಗೆ ತರುವ ಪ್ರೋಗ್ರಾಮ್ ನನ್ನದು. ಕಡತದ ಮೊದಲ 4096 ಬೈಟ್ ಓದುವುದು. ಯುಟಿಎಫ್-8 ಆಗಿದ್ದರೆ ಹಾಗೇ ಬಿಡುವುದು, ಇಲ್ಲವಾದರೆ ಲ್ಯಾಟಿನ್-1 (ಅಕ್ಷರಕ್ಕೆ ಒಂದೇ ಬೈಟಿನ ಹಳೆಯ ರೋಮನ್ ಎನ್‌ಕೋಡಿಂಗ್) ಎಂದುಕೊಂಡು ಪರಿವರ್ತಿಸುವುದು. ಬಳಕೆಗೆ ಕೊಟ್ಟ ವಾರದಲ್ಲೇ ಒಬ್ಬರು ಕೆಟ್ಟ ಕಡತ ಕಳಿಸಿದರು. ಕನ್ನಡ ಅಕ್ಷರವಿದ್ದ ಕಡೆಯಲ್ಲೆಲ್ಲ ತಲೆಯ ಮೇಲೆ ಓರೆಗೀಟು ಹೊತ್ತ ರೋಮನ್ ‘ಎ’, ಅದರ ಹೆಗಲಿಗೆ ಪುಟ್ಟ 2 ಅಥವಾ 3. ಮೂಲ ಕಡತದ ಆರಂಭದಲ್ಲಿದ್ದ ಒಂದು ಖಾಲಿ ಜಾಗ ಅಳಿಸಿದರೆ ಎಲ್ಲ ಸರಿಯಾಗುತ್ತಿತ್ತು. ಎರಡು ದಿನ ಆ ಖಾಲಿ ಜಾಗದ ಮೇಲೇ ಅನುಮಾನಪಟ್ಟೆ.

ತಪ್ಪು ಇದ್ದದ್ದು ಬಫರಿನ, ಅಂದರೆ ಓದಿದ ಆ 4096 ಬೈಟ್ ಕೂರುವ ಜಾಗದ, ತುದಿಯಲ್ಲಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟ್. ‘ಅ’ ಎಂದರೆ 224, 178, 133. 4096ನ್ನು ಮೂರರಿಂದ ಭಾಗಿಸಿ ನೋಡಿ: 1365 ಪೂರ್ತಿ ಬಂದು ಒಂದು ಉಳಿಯುತ್ತದೆ. ಆ ಕೊನೆಯ ಸ್ಥಾನದಲ್ಲಿ ಮುಂದಿನ ಅಕ್ಷರದ 224 ಒಂಟಿಯಾಗಿ ಕೂತಿರುತ್ತದೆ. ನಡುವೆ ಖಾಲಿ ಜಾಗ, ಪೂರ್ಣವಿರಾಮ ಬಂದಂತೆ ಕತ್ತರಿ ಬೀಳುವ ಜಾಗ ಅತ್ತಿತ್ತ ಸರಿಯುತ್ತದೆ, ಒಮ್ಮೊಮ್ಮೆ ಅಕ್ಷರದ ಅಂಚಿಗೇ ಬಿದ್ದು ಕಡತ ಪಾರಾಗುತ್ತದೆ. ಪಾರಾಗದಿದ್ದಾಗ ನನ್ನ ಕೋಡ್ ‘ಅಪೂರ್ಣ’ ಎನ್ನಬೇಕಾದದ್ದನ್ನು ‘ತಪ್ಪು’ ಎಂದಿತು. ಲ್ಯಾಟಿನ್-1 ಯಾವ ಬೈಟನ್ನೂ ಬೇಡವೆನ್ನುವುದಿಲ್ಲವಾದ್ದರಿಂದ ದೋಷದ ಸೂಚನೆಯೂ ಇಲ್ಲ. ನನ್ನ ಅರವತ್ತು ಕಡತಗಳಲ್ಲಿ ಯಾವುದೂ ಎರಡು ಕಿಲೋಬೈಟ್ ದಾಟಿರಲಿಲ್ಲ, ಕತ್ತರಿ ಬೀಳುವ ಪ್ರಸಂಗವೇ ಪರೀಕ್ಷೆಯಲ್ಲಿ ಬರಲಿಲ್ಲ. ಅಷ್ಟರಲ್ಲಿ ಮುನ್ನೂರು ಕಡತಗಳ ಮೇಲೆ ಪ್ರೋಗ್ರಾಮ್ ಓಡಿಯಾಗಿತ್ತು. ಒಂದೊಂದನ್ನೂ ತೆರೆದು ನೋಡಿದೆ.

ಆದ್ದರಿಂದ ಕಡತ ಕೂಡಿಸುವುದನ್ನು ಬಿಡಿ. ಬಫರಿನ ಅಳತೆಯನ್ನು ಹೊರಗಿನಿಂದ ಕೊಡುವಂತೆ ಫಂಕ್ಷನ್ ಬರೆದು, ಒಂದೇ ಪ್ಯಾರಾವನ್ನು 1, 2, 3, 4, 5 ಬೈಟಿನ ಬಫರಿನಲ್ಲಿ ಓದಿಸಿ. ಐದೂ ಸಲ ಒಂದೇ ಉತ್ತರ ಬರಬೇಕು. ಅಪೂರ್ಣ ಎಂಬುದು ಕಡತದ ಕೊನೆಯಲ್ಲಿ ಮಾತ್ರ ತಪ್ಪು, ಬಫರಿನ ಕೊನೆಯಲ್ಲಿ ಅಲ್ಲ. ಬೈಟ್‌ಗಳನ್ನು ಅನ್‌ಸೈನ್ಡ್ ಚಾರ್‌ನಲ್ಲೇ (ಋಣ ಸಂಖ್ಯೆ ಹಿಡಿಯದ ಸಿ ಬಗೆ) ಇಡಿ. ಬರೀ ಚಾರ್ ಆದರೆ ಎಷ್ಟೋ ಯಂತ್ರಗಳಲ್ಲಿ 224 ಹೋಗಿ -32 ಆಗುತ್ತದೆ.

‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಕಡತಗಳನ್ನೂ ಪತ್ತೆಹಚ್ಚಬೇಕು ಎಂದಿದ್ದೀರಿ. ಬೈಟ್ ನೋಡಿ ಅದನ್ನು ಖಚಿತವಾಗಿ ಹೇಳಲಾಗದು. ಅಲ್ಲಿ ಕನ್ನಡ ಇರುವುದು ಫಾಂಟಿನಲ್ಲಿ, ಕಡತದೊಳಗಿರುವುದು ರೋಮನ್ ಅಕ್ಷರಗಳ ಸಂಖ್ಯೆಗಳೇ. ಕಡತ ಕೊಟ್ಟವರನ್ನೇ ಕೇಳಿ.