ಸ್ಟಾಂಪ್ ಬಿಡಿಸಬೇಡಿ, ಕವರ್ ಹಾಗೇ ಇರಲಿ

ಠಸ್ಸೆ-ಲಕೋಟೆ: ಓದುಗರ ಪ್ರಶ್ನೆಗೆ ಹಳೇ ಸಾರ್ಟರ್ ಉತ್ತರ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ನಮ್ಮ ಬೀದಿಯ ಅಜ್ಜಿಯೊಬ್ಬರು ಮನೆ ಖಾಲಿ ಮಾಡುವಾಗ ಹಳೇ ಸಾಮಾನು ಮಾರಲು ಇಟ್ಟಿದ್ದರು. 5 ಡಾಲರಿಗೆ ಒಂದು ಶೂ ಡಬ್ಬಿ ತಂದೆ. ಅದರೊಳಗೆ 43 ಕವರ್‌ಗಳಿವೆ. ಹೆಚ್ಚಿನವು 1933ರಿಂದ 1939ರವು, ಮೇಲೆ ಅಮೆರಿಕದ ಯುದ್ಧನೌಕೆಗಳ ಹೆಸರಿನ ಮುದ್ರೆ. ಒಂದರಲ್ಲೂ ಕಾಗದ ಇಲ್ಲ! 1936ರ ಒಂದು ಕವರ್ ಮೇಲೆ 'ಯು.ಎಸ್.ಎಸ್. ಅರಿಝೋನಾ' ಎಂದಿದೆ. 1943ರ ಒಂದಕ್ಕೆ ಸ್ಟಾಂಪೂ ಇಲ್ಲ, ಹಡಗಿನ ಹೆಸರೂ ಇಲ್ಲ. ಸ್ಟಾಂಪ್ ಕೂಡಿಸುವ ಮಗಳು ನೀರಲ್ಲಿ ನೆನೆಸಿ ಬಿಡಿಸಿಕೊಡು ಅಂತಿದ್ದಾಳೆ. ಬಿಡಿಸಲೇ? ಇವಕ್ಕೆ ಏನಾದರೂ ಬೆಲೆ ಇದೆಯೇ?

ಉತ್ತರ: ತಂಗಿ, ಮೊದಲು ಆ ನೀರು ಚೆಲ್ಲಿಬಿಡಿ. ಉಳಿದ ಮಾತು ಆಮೇಲೆ.

ಇಷ್ಟು ಅವಸರ ಯಾಕೆಂದರೆ, ಆ ಪಾಪ ನಾನೂ ಮಾಡಿದ್ದೇನೆ. ನನ್ನ ಸೋದರಮಾವ ಹಳೇ ಐ.ಎನ್.ಎಸ್. ಮೈಸೂರು ಹಡಗಿನಲ್ಲಿದ್ದರು. ಅದು ಮೊದಲು ಬ್ರಿಟಿಷರ 'ನೈಜೀರಿಯಾ' ಎಂಬ ಕ್ರೂಸರ್. 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿ ಮೈಸೂರು ಆಯಿತು. ಅಂಕೋಲೆಯ ನಮ್ಮ ಮನೆಗೆ ಮಾವನಿಂದ ತಿಂಗಳಿಗೊಂದು ಕಾಗದ ಬರುತ್ತಿತ್ತು. ಅಮ್ಮ ಅದನ್ನು ಎರಡೆರಡು ಸಲ ಓದಿ ದೇವರ ಗೂಡಿನಲ್ಲಿಡುತ್ತಿದ್ದರು. ಕವರ್ ನನ್ನ ಪಾಲು. ಚೊಂಬಿನ ನೀರಿನಲ್ಲಿ ಅದ್ದಿ ಸ್ಟಾಂಪ್ ಬಿಡಿಸುತ್ತಿದ್ದೆ. ಕವರ್ ಬಚ್ಚಲ ಒಲೆಗೆ ಹೋಗುತ್ತಿತ್ತು. ಹಡಗಿನ ಹೆಸರು, 'ಕೇರಾಫ್ ಫ್ಲೀಟ್ ಮೇಲ್ ಆಫೀಸ್, ಬಾಂಬೆ' ಎಂದು ಮಾವ ದುಂಡಗೆ ಬರೆದ ವಿಳಾಸ, ಠಸ್ಸೆಯ ತಾರೀಕು, ಎಲ್ಲ ಬೂದಿ. ಆ ಸ್ಟಾಂಪುಗಳು ಈಗಲೂ ನನ್ನ ಹತ್ತಿರ ಇವೆ. ಊರಿನ ಎಲ್ಲ ಮನೆಗೂ ಬರುತ್ತಿದ್ದ ಸ್ಟಾಂಪುಗಳೇ. ಅವುಗಳಲ್ಲಿ ಮಾವನದು ಯಾವುದು, ಪಕ್ಕದ ಮನೆ ಮಾಸ್ತರರದು ಯಾವುದು ಅಂತ ನನಗೇ ತಿಳಿಯದು.

ನಿಮ್ಮ ಕವರ್‌ಗಳ ಮೇಲೆ ಇರುವುದು ಬಹುಶಃ ನೇರಳೆ ಬಣ್ಣದ 3 ಸೆಂಟಿನ ಸ್ಟಾಂಪ್. 1932ರ ಜುಲೈನಲ್ಲಿ ಅಲ್ಲಿ ಕಾಗದದ ದರ 2 ಸೆಂಟಿನಿಂದ 3 ಸೆಂಟಿಗೆ ಏರಿತು. ಅದಕ್ಕಾಗಿ ಕೋಟಿಗಟ್ಟಲೆ ಅಚ್ಚಾದ ಸ್ಟಾಂಪ್ ಅದು. ಬಿಡಿಸಿದರೆ ಕಡಲೆಕಾಯಿ ಸಿಪ್ಪೆಯ ಬೆಲೆ. ಮಗಳಿಗೆ ಬೇರೆ ನೂರು ಸ್ಟಾಂಪಿನ ಪೊಟ್ಟಣ ಕೊಡಿಸಿ, ಕಡಿಮೆ ದುಡ್ಡಿಗೇ ಸಿಗುತ್ತದೆ.

ಈಗ ಒಳಗೆ ಕಾಗದ ಯಾಕಿಲ್ಲ ಅಂದಿರಲ್ಲ, ಅದು. ಅವು ಕಾಗದಕ್ಕಾಗಿ ಹೋದ ಕವರ್‌ಗಳೇ ಅಲ್ಲ. ಅಮೆರಿಕದಲ್ಲಿ 1908ರಲ್ಲಿ ಒಂದು ಕಾಯಿದೆ ಬಂತು. ಯುದ್ಧನೌಕೆಯ ಮೇಲೇ ಅಂಚೆ ಕಚೇರಿ ಇಡಬಹುದು, ನಾವಿಕನೊಬ್ಬನನ್ನೇ ಮೇಲ್ ಕ್ಲರ್ಕ್ ಮಾಡಬಹುದು ಎಂದಿತು. ಆಗ ಅವರ 16 ಬಿಳಿ ಯುದ್ಧನೌಕೆಗಳು ಜಗತ್ತು ಸುತ್ತುತ್ತಿದ್ದವು. ಅದೇ ವರ್ಷ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ಕೊಲಂಬೊಗೂ ಬಂದಿದ್ದವು. ಹಡಗಿಗೆ ಅದರದೇ ಹೆಸರಿನ ಠಸ್ಸೆ ಅಂದಮೇಲೆ ಕೂಡಿಸುವವರು ಸುಮ್ಮನಿರುತ್ತಾರಾ? 1930ರ ದಶಕದಲ್ಲಂತೂ ಅದೊಂದು ಹುಚ್ಚೇ ಆಯಿತು. 1932ರಲ್ಲಿ 'ಯೂನಿವರ್ಸಲ್ ಶಿಪ್ ಕ್ಯಾನ್ಸಲೇಷನ್ ಸೊಸೈಟಿ' ಅಂತ ಇದಕ್ಕೇ ಒಂದು ಸಂಘ ಹುಟ್ಟಿತು. ಆ ವರ್ಷ ಅಧ್ಯಕ್ಷರಾಗಿ ಆಯ್ಕೆಯಾದ ರೂಸ್‌ವೆಲ್ಟ್ ಹಿಂದೆ ನೌಕಾ ಇಲಾಖೆಯಲ್ಲಿದ್ದವರು, ಸ್ವತಃ ಸ್ಟಾಂಪ್ ಕೂಡಿಸುವವರು. ಕೇಳಬೇಕೇ!

ಕ್ರಮ ಸರಳ. ನಿಮ್ಮದೇ ವಿಳಾಸ ಬರೆದು, ಸ್ಟಾಂಪ್ ಹಚ್ಚಿದ ಕವರನ್ನು ಇನ್ನೊಂದು ಕವರಿನಲ್ಲಿಟ್ಟು ಹಡಗಿನ ಮೇಲ್ ಕ್ಲರ್ಕ್‌ಗೆ ಕಳಿಸುವುದು. 'ದಯವಿಟ್ಟು ಠಸ್ಸೆ ಚೆನ್ನಾಗಿ ಒತ್ತಿ' ಅಂತ ಒಂದು ಚೀಟಿ. ಆತ ಒತ್ತಿ ಟಪಾಲಿಗೆ ಹಾಕುತ್ತಿದ್ದ. ಕೆಲವರು ಒಳಗೆ ರಟ್ಟಿನ ತುಂಡು ಇಡುತ್ತಿದ್ದರು, ಠಸ್ಸೆ ಸ್ಪಷ್ಟವಾಗಿ ಕೂರಲಿ ಅಂತ. ನಿಮ್ಮ ಕವರ್‌ಗಳಲ್ಲೂ ರಟ್ಟು ಇದ್ದರೆ ಎಸೆಯಬೇಡಿ.

ಈಗ ಒಂದು ಕವರ್ ಕೈಗೆ ತಗೊಳ್ಳಿ. ಎಡಕ್ಕೆ ದುಂಡು ಠಸ್ಸೆ, ಅಂಚಿನಲ್ಲಿ ಹಡಗಿನ ಹೆಸರು, ನಡುವೆ ತಾರೀಕು. ಬಲಕ್ಕೆ ಸ್ಟಾಂಪಿನ ಮೇಲೆ ಹಾಯ್ದ ದಪ್ಪ ಗೆರೆಗಳು. ಆ ಗೆರೆಗಳ ನಡುವೆ ಸಣ್ಣ ಅಕ್ಷರ ಕಾಣುತ್ತದಾ? ನಿಜವಾದ ಸೊಗಸು ಇರುವುದು ಅಲ್ಲೇ. ಹಡಗು ಆ ದಿನ ಇದ್ದ ಬಂದರಿನ ಹೆಸರನ್ನೋ, ಆ ದಿನದ ವಿಶೇಷವನ್ನೋ ಕ್ಲರ್ಕ್ ಅಚ್ಚುಮೊಳೆ ಜೋಡಿಸಿ ಅಲ್ಲಿ ಒತ್ತುತ್ತಿದ್ದ. ಅಕ್ಟೋಬರ್ 27ರ ಕವರ್ ಇದ್ದರೆ 'ನೇವಿ ಡೇ' ಅಂತ ಇದ್ದರೂ ಇರಬಹುದು. ಆಗ ಅವರ ನೌಕಾ ದಿನ ಅದು. ನಮ್ಮದು ಡಿಸೆಂಬರ್ 4.

ನಾನು 39 ವರ್ಷ ಹುಬ್ಬಳ್ಳಿ ಆರ್.ಎಂ.ಎಸ್.ನಲ್ಲಿ, ಅಂದರೆ ರೈಲ್ವೆ ಟಪಾಲು ವಿಂಗಡಿಸುವ ಸೇವೆಯಲ್ಲಿ ಇದ್ದವನು. ಪಾಳಿ ಶುರುವಾದ ಕೂಡಲೇ ಮೊದಲ ಕೆಲಸ ಠಸ್ಸೆಯ ತಾರೀಕು ಬದಲಿಸುವುದು. ಉಗುರಿನ ತುದಿಯಷ್ಟಿರುವ ಮೊಳೆ, ಚಿಮಟದಲ್ಲಿ ಹಿಡಿದರೆ ಜಾರಿ ನೆಲಕ್ಕೆ ಬೀಳುತ್ತದೆ. ಓಡುವ ರೈಲಿನಲ್ಲೇ ಅದು ಅಷ್ಟು ಕಷ್ಟ. ಅಲೆಗೆ ತೂಗುವ ಹಡಗಿನಲ್ಲಿ ದಿನವೂ ಊರಿನ ಹೆಸರನ್ನು ಅಕ್ಷರ ಅಕ್ಷರವಾಗಿ ಕೂರಿಸುತ್ತಿದ್ದವನಿಗೆ ನನ್ನ ನಮಸ್ಕಾರ. ಅಕ್ಷರ ತಲೆಕೆಳಗಾಗಿದ್ದರೆ, ಕಾಗುಣಿತ ತಪ್ಪಿದ್ದರೆ ನಗಬೇಡಿ. ಅಂಥದ್ದನ್ನೇ ಬೇರೆ ಎತ್ತಿಡಿ.

43 ಕವರನ್ನೂ ತಾರೀಕಿನ ಪ್ರಕಾರ ಜೋಡಿಸಿ. ಒಂದೇ ಹಡಗಿನವು ನಾಲ್ಕು ಸಿಕ್ಕರೆ ಅದು ಎಲ್ಲೆಲ್ಲಿ ತಿರುಗಿತು ಎಂದು ಮಗಳು ಭೂಪಟದಲ್ಲಿ ಗೆರೆ ಎಳೆಯಬಹುದು. 'ಕಾನ್‌ಸ್ಟಿಟ್ಯೂಷನ್' ಹೆಸರು ಇದೆಯಾ ಹುಡುಕಿ. 1797ರಲ್ಲಿ ನೀರಿಗಿಳಿದ ಮರದ ಹಡಗು. 1931ರಿಂದ 34ರವರೆಗೆ ಅದನ್ನು ಇನ್ನೊಂದು ಹಡಗು ಎಳೆದುಕೊಂಡು ಬಂದರಿನಿಂದ ಬಂದರಿಗೆ ಹೋಯಿತು, ಜನ ನೋಡಲಿ ಅಂತ. ಮುದುಕಿಯನ್ನು ಜಾತ್ರೆಗೆ ಕರೆದೊಯ್ದ ಹಾಗೆ. ಅದರ ಮೇಲೂ ಠಸ್ಸೆ ಇತ್ತು.

1943ರ ಕವರಿಗೆ ಬರುತ್ತೇನೆ. ನನಗೆ ಕೇಳಿದರೆ ಡಬ್ಬಿಯಲ್ಲಿ ಅದೇ ನಿಜವಾದ ಕಾಗದದ ಕವರ್. ಯುದ್ಧ ಶುರುವಾದ ಮೇಲೆ ಠಸ್ಸೆಯಿಂದ ಹಡಗಿನ ಹೆಸರು ತೆಗೆಸಿದರು. ಯಾವ ಹಡಗು ಎಲ್ಲಿದೆ ಎಂದು ಶತ್ರುವಿಗೆ ತಿಳಿಯಬಾರದಲ್ಲ. ಬರೀ 'ಯು.ಎಸ್. ನೇವಿ' ಎಂದಷ್ಟೇ ಉಳಿಯಿತು. ಸ್ಟಾಂಪಿನ ಜಾಗದಲ್ಲಿ 'ಫ್ರೀ' ಎಂದು ಕೈಯಲ್ಲಿ ಬರೆದಿದೆಯಾ ನೋಡಿ. 1942ರ ಏಪ್ರಿಲ್‌ನಿಂದ ಸೈನಿಕರಿಗೆ, ನಾವಿಕರಿಗೆ ಕಾಗದ ಬಿಟ್ಟಿ. ಪಕ್ಕದಲ್ಲಿ ಸೆನ್ಸಾರ್ ಮುದ್ರೆ, ಅದರಲ್ಲಿ ಕಾಗದ ಓದಿದ ಅಧಿಕಾರಿಯ ಸಹಿ ಇರಬಹುದು. ಮೂಲೆಯ ವಿಳಾಸದಲ್ಲಿ 'ಫ್ಲೀಟ್ ಪೋಸ್ಟ್ ಆಫೀಸ್, ಸ್ಯಾನ್‌ಫ್ರಾನ್ಸಿಸ್ಕೊ' ಎಂದಿದ್ದರೆ, ನಮ್ಮ ಮಾವನ ಬಾಂಬೆ ವಿಳಾಸದ ಅಣ್ಣ ಅದು.

ಇನ್ನು ಅರಿಝೋನಾ. ನಿಮಗೆ ಗೊತ್ತಿರುವುದೇ. 1941ರ ಡಿಸೆಂಬರ್ 7ರಂದು ಪರ್ಲ್ ಹಾರ್ಬರ್‌ನಲ್ಲಿ ಮುಳುಗಿತು, ಆ ಹಡಗಿನ 1,177 ಮಂದಿ ಸತ್ತರು. ಹಾಗಾಗಿ ಅದರ ಹೆಸರಿನ ಕವರಿಗೆ ಉಳಿದವಕ್ಕಿಂತ ಜಾಸ್ತಿ ಬೇಡಿಕೆ. ಬೇಡಿಕೆ ಇದ್ದಲ್ಲಿ ಕಳ್ಳಮಾಲೂ ಇದೆ. ಸ್ಟಾಂಪ್ ಯಾವುದು ನೋಡಿ. ಅರೆಮುಖ ತಿರುಗಿಸಿದ ವಾಷಿಂಗ್ಟನ್ ಇದ್ದರೆ ಸರಿ, ಅದು 1932ರದ್ದು. ಜೆಫರ್ಸನ್ ಇರುವ 3 ಸೆಂಟಿನ ನೇರಳೆ ಸ್ಟಾಂಪ್ ಬಂದದ್ದು 1938ರ ಜೂನ್‌ನಲ್ಲಿ. 1936ರ ಠಸ್ಸೆಯ ಕೆಳಗೆ ಅದಿದ್ದರೆ, ಯಾರೋ ಜಾಣ ಮನೆಯಲ್ಲೇ ಠಸ್ಸೆ ಒತ್ತಿದ್ದಾನೆ. ಠಸ್ಸೆಯ ಶಾಯಿ ಸ್ಟಾಂಪಿನಿಂದ ಕವರಿಗೆ ತುಂಡಾಗದೆ ದಾಟಿರಬೇಕು. ಗೆರೆಗಳ ನಡುವೆ 'ಸ್ಯಾನ್ ಪೆಡ್ರೊ' ಎಂದಿದ್ದರೆ ಆಶ್ಚರ್ಯವಿಲ್ಲ, ಆ ಕಾಲದಲ್ಲಿ ಹಡಗು ಹೆಚ್ಚಾಗಿ ಅಲ್ಲೇ ಲಂಗರು ಹಾಕುತ್ತಿತ್ತು. ಕೊನೆಗೆ ಮೊದಲು ಹೇಳಿದ ಶಿಪ್ ಕ್ಯಾನ್ಸಲೇಷನ್ ಸೊಸೈಟಿಯ ಕ್ಯಾಟಲಾಗಿನಲ್ಲಿ ಹೋಲಿಸಿ. ಅದರಲ್ಲಿ ಠಸ್ಸೆಗಳನ್ನು 'ಲೋಸಿ' ಎಂಬ ಕ್ರಮದಲ್ಲಿ ಜಾತಿವಾರು ವಿಂಗಡಿಸಿದ್ದಾರೆ.

ಬೆಲೆ ಮಾತ್ರ ನನ್ನನ್ನು ಕೇಳಬೇಡಿ, ಫೋಟೋ ನೋಡಿ ಬೆಲೆ ಹೇಳುವವರನ್ನು ನಾನು ನಂಬುವುದಿಲ್ಲ. ಒಂದು ರಜಾ ದಿನ ಮಗಳನ್ನು ಅಲಮೀಡಾಕ್ಕೆ ಕರೆದೊಯ್ಯಿರಿ, ನಿಮಗೆ ಹತ್ತಿರವೇ. ಅಲ್ಲಿ 'ಹಾರ್ನೆಟ್' ಹಡಗು ಮ್ಯೂಸಿಯಂ ಆಗಿ ನಿಂತಿದೆ. 1969ರ ಜುಲೈ 24ರಂದು ಚಂದ್ರನಿಂದ ಬಂದ ಅಪೊಲೊ 11ರ ಮೂವರನ್ನು ಸಮುದ್ರದಿಂದ ಎತ್ತಿಕೊಂಡದ್ದು ಅದೇ. ಆ ದಿನದ ಹಾರ್ನೆಟ್ ಠಸ್ಸೆಗೂ ಬೇಕಾದಷ್ಟು ಹುಚ್ಚರಿದ್ದಾರೆ.

ಪ್ರಶ್ನೆ: ನಮ್ಮ ನೌಕೆಗಳ ಕವರ್ ಹೇಗೆ ಕೂಡಿಸುವುದು? ಹಡಗಿಗೇ ಬರೆಯಬಹುದೇ? (ಓದುಗರು, ಕಾರವಾರ)

ಉತ್ತರ: ಹಡಗಿಗೆ ಬರೆದು ತೊಂದರೆ ಕೊಡಬೇಡಿ. ಎಲ್ಲಿದೆ, ಯಾವಾಗ ಬರುತ್ತದೆ ಅಂತಂತೂ ಯಾರನ್ನೂ ಕೇಳಬೇಡಿ. ಹಡಗು ಸೇವೆಗೆ ಸೇರಿದಾಗ, ನಿವೃತ್ತವಾದಾಗ ಸೇನಾ ಅಂಚೆಯವರು ವಿಶೇಷ ಕವರ್ ತರುವುದುಂಟು, 56 ಎ.ಪಿ.ಒ. ಅಥವಾ 99 ಎ.ಪಿ.ಒ. (ಸೇನಾ ಅಂಚೆ ಕಚೇರಿ) ಠಸ್ಸೆ ಇರುತ್ತದೆ. ಅಂಚೆ ಚೀಟಿ ಪ್ರದರ್ಶನಗಳ ಮಳಿಗೆಗಳಲ್ಲಿ ಹುಡುಕಿದರೆ ಸಿಗುತ್ತವೆ. ಮನೆಯಲ್ಲಿ ನೌಕಾಪಡೆಯವರು ಯಾರಾದರೂ ಇದ್ದರಾ? ಮೊದಲು ಅವರ ಟ್ರಂಕ್ ತೆಗೆಸಿ. ನಿಮ್ಮೂರ ಟಾಗೋರ್ ಕಡಲತೀರದಲ್ಲಿ ನಿಂತಿರುವ 'ಚಪಲ್' ಕ್ಷಿಪಣಿ ದೋಣಿಯ ಒಳಗೆ ಹೋಗಿ ನೋಡಿದ್ದೀರಿ ತಾನೇ?

ಪ್ರಶ್ನೆ: ಅಜ್ಜನ ಹಳೇ ಕವರ್‌ಗಳನ್ನು ಲ್ಯಾಮಿನೇಟ್ ಮಾಡಿಸಲೇ? ನಮ್ಮಲ್ಲಿ ಮಳೆಗಾಲದ ಥಂಡಿ ಜಾಸ್ತಿ. (ಓದುಗರು, ಮಂಗಳೂರು)

ಉತ್ತರ: ಬೇಡವೇ ಬೇಡ. ಒಮ್ಮೆ ಅಂಟಿದ ಮೇಲೆ ಅದು ಬಿಡುವುದಿಲ್ಲ. ಸೆಲ್ಲೋ ಟೇಪು, ರಬ್ಬರ್ ಬ್ಯಾಂಡು, ಅಗ್ಗದ ಪಿ.ವಿ.ಸಿ. ಚೀಲ ಮೂರನ್ನೂ ದೂರವಿಡಿ. ಪಾಲಿಯೆಸ್ಟರ್ ಹಾಳೆಯ ಚೀಲಕ್ಕೆ ಹಾಕಿ, ಗಾಳಿ ಆಡುವ ಕಪಾಟಿನಲ್ಲಿ ನಿಲ್ಲಿಸಿಡಿ, ಹೊರಗೋಡೆಗೆ ತಾಗಿಸಬೇಡಿ. ಬಿಸಿಲು ಬಂದ ದಿನ ಎಲ್ಲ ತೆರೆದು ಬೆಳ್ಳಿ ಹುಳು ಬಂದಿದೆಯಾ ನೋಡಿ, ಆದರೆ ಬಿಸಿಲಿಗೆ ಮಾತ್ರ ಒಣ ಹಾಕಬೇಡಿ. ಏನಾದರೂ ಗುರುತು ಬರೆಯುವುದಿದ್ದರೆ ಬೇರೆ ಚೀಟಿಯಲ್ಲಿ, ಪೆನ್ಸಿಲ್‌ನಲ್ಲಿ.