ಮ್ಯಾಜಿಕ್ ಆಟದಲ್ಲಿ ನನ್ನ ಡೆಕ್ ಅಗ್ರೋನಾ, ಮಿಡ್‌ರೇಂಜಾ? ಯಾವುದನ್ನು ನೋಡಿ ಹೇಳುತ್ತಾರೆ?

ನಿಮ್ಮದು ಮಿಡ್‌ರೇಂಜ್ (ಮಧ್ಯಮ ವೇಗದ್ದು), ಅಗ್ರೋ (ಬೇಗ ಹೊಡೆದು ಮುಗಿಸುವುದು) ಅಲ್ಲ. ನಿಮ್ಮ ಗೆಳೆಯರು ಹೇಳಿದ್ದೇ ಸರಿ. ಆದರೆ ಅವರು ಕೊಟ್ಟ ಕಾರಣ ನನಗೆ ಒಪ್ಪಿಗೆಯಿಲ್ಲ.

ಬೇರೆ ಓದುಗರಿಗಾಗಿ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಇವರು ಮ್ಯಾಜಿಕ್: ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟವನ್ನು ಅರೀನಾದಲ್ಲಿ (ಅದರ ಆನ್‌ಲೈನ್ ರೂಪ) ಹೊಸದಾಗಿ ಶುರು ಮಾಡಿದ್ದಾರೆ. ಕೆಂಪು-ಕಪ್ಪು ಡೆಕ್, ಅಂದರೆ ಆ ಎರಡು ಬಣ್ಣದ ಕಾರ್ಡ್‌ಗಳ ಕಟ್ಟು. ಮನಾ (ಕಾರ್ಡ್ ಆಡಲು ಖರ್ಚು ಮಾಡುವ ಶಕ್ತಿ) ಕೊಡುವ 24 ಲ್ಯಾಂಡ್, ಎರಡು-ಮೂರು ಮನಾದ 16 ಕ್ರೀಚರ್ (ಹೊಡೆಯುವ, ತಡೆಯುವ ಜೀವಿ ಕಾರ್ಡ್), ಎದುರಾಳಿಯ ಕ್ರೀಚರ್ ಕೊಲ್ಲುವ 14 ಸ್ಪೆಲ್ (ಮಂತ್ರದ ಕಾರ್ಡ್), ಐದು ಮನಾದ 6 ದೊಡ್ಡ ಕ್ರೀಚರ್. "ಕೆಂಪು ಬಣ್ಣ, ಸಣ್ಣ ಕ್ರೀಚರ್, ಅಂದಮೇಲೆ ಅಗ್ರೋ" ಅನ್ನೋದು ಇವರ ವಾದ. "ಐದು ಮನಾದ ಕಾರ್ಡ್ ಇದೆಯಲ್ಲ, ಹಾಗಾಗಿ ಮಿಡ್‌ರೇಂಜ್" ಅನ್ನೋದು ಗೆಳೆಯರದ್ದು.

ಇಬ್ಬರೂ ಒಂದೊಂದೇ ಕಾರ್ಡ್ ಹಿಡಿದು ಹೆಸರಿಡುತ್ತಿದ್ದೀರಿ. ನಾನು ಯಾವುದೇ ಡೆಕ್ ನೋಡಿದರೂ ಮೊದಲು ಕೇಳೋದು ಎರಡೇ. ಇದು ಎಷ್ಟನೇ ಟರ್ನ್‌ನಲ್ಲಿ ಆಟ ಮುಗಿಸಲು ಹೊರಟಿದೆ? ಅಲ್ಲಿಯವರೆಗೆ ಎದುರಾಳಿ ಏನು ಮಾಡುತ್ತಾರೆ ಅನ್ನೋದು ಇದಕ್ಕೆ ಎಷ್ಟು ಮುಖ್ಯ?

ಅಗ್ರೋದ ಲೆಕ್ಕ ಸುಲಭ. ಎದುರಾಳಿಗೆ 20 ಲೈಫ್, ಅದು ಸೊನ್ನೆಯಾದರೆ ಅವರು ಸೋತರು. ನಿಮಗೆ ಟರ್ನ್‌ಗೆ ಒಂದೇ ಲ್ಯಾಂಡ್ ಇಡಲು ಅವಕಾಶ. ಅವರ ದೊಡ್ಡ ಕಾರ್ಡ್‌ಗಳಿಗೆ ಮನಾ ಸೇರುವ ಮೊದಲೇ ಆ 20 ಇಳಿಸಬೇಕು. ಇದರ ತುತ್ತತುದಿ ಬರ್ನ್ ಡೆಕ್, ಅಂದರೆ ಎದುರಾಳಿಗೆ ನೇರವಾಗಿ ಡ್ಯಾಮೇಜ್ ಮಾಡುವ ಸ್ಪೆಲ್‌ಗಳೇ ತುಂಬಿದ ಡೆಕ್. ಲೈಟ್ನಿಂಗ್ ಬೋಲ್ಟ್‌ಗೆ ಒಂದು ಮನಾ, ಮೂರು ಡ್ಯಾಮೇಜ್. ಒಂದೇ ಕಾರ್ಡ್ ನಾಲ್ಕಕ್ಕಿಂತ ಹೆಚ್ಚು ಹಾಕುವಂತಿಲ್ಲ, ಆದ್ದರಿಂದ ಲಾವಾ ಸ್ಪೈಕ್, ರಿಫ್ಟ್ ಬೋಲ್ಟ್ ಅಂತ ಅದೇ ಕೆಲಸದ ಕಾರ್ಡ್‌ಗಳನ್ನು ತುಂಬಿಕೊಳ್ಳುತ್ತಾರೆ. ಇಂಥ ಏಳು ಕಾರ್ಡ್ ಅಂದರೆ 21 ಡ್ಯಾಮೇಜ್. ಮೊದಲು ಆಡುವವರು ನಾಲ್ಕನೇ ಟರ್ನ್ ಹೊತ್ತಿಗೆ ಹತ್ತು ಕಾರ್ಡ್ ನೋಡಿರುತ್ತಾರೆ. ಅದರಲ್ಲಿ ಮೂರು ಲ್ಯಾಂಡ್, ಏಳು ಬೆಂಕಿ. ಮುಗೀತು. ಮಾಡರ್ನ್ ಫಾರ್ಮ್ಯಾಟ್‌ನಲ್ಲಂತೂ (ಯಾವ ಕಾರ್ಡ್ ನಡೆಯುತ್ತದೆ ಅನ್ನುವ ನಿಯಮಗಳ ಒಂದು ಬಗೆ) ಎದುರಾಳಿ ಫೆಚ್ ಲ್ಯಾಂಡ್ ಒಡೆದು (ಒಂದು ಲೈಫ್ ಕೊಟ್ಟು ಬೇರೆ ಲ್ಯಾಂಡ್ ಹುಡುಕುವುದು), ಶಾಕ್ ಲ್ಯಾಂಡ್ ನೆಟ್ಟಗೆ ಇಳಿಸಿದರೆ (ಎರಡು ಲೈಫ್ ಕೊಟ್ಟು ಕೂಡಲೇ ಬಳಸುವುದು) ತಾನಾಗಿಯೇ ಮೂರು ಲೈಫ್ ಕಳೆದುಕೊಂಡಿರುತ್ತಾರೆ. ಆಗ ಆರು ಕಾರ್ಡೇ ಸಾಕು. ಅದಕ್ಕೇ ಬರ್ನ್ ಆಡುವವರು ಸುಮಾರು 20 ಲ್ಯಾಂಡ್‌ಗೆ ನಿಲ್ಲಿಸುತ್ತಾರೆ. ಅವರಿಗೆ ಐದನೇ ಲ್ಯಾಂಡ್ ಬಂದರೆ ಅದು ದಂಡ.

ಬಿಡಿ ಬಿಡಿಯಾಗಿ ನೋಡಿದರೆ ಅಗ್ರೋ ಕಾರ್ಡ್‌ಗಳು ಎಷ್ಟೋ ಸಲ ತೀರಾ ಸಾಧಾರಣ. 1996ರಲ್ಲಿ ಪಾಲ್ ಸ್ಲೈ ಆಡಿ ಹೆಸರಾದ ಕೆಂಪು ಡೆಕ್ (ರೂಪಿಸಿದ್ದು ಜೇ ಶ್ನೈಡರ್) ನೋಡಿ. ಅದರಲ್ಲಿದ್ದ ಐರನ್‌ಕ್ಲಾ ಆರ್ಕ್ಸ್ ನೆಟ್ಟಗೆ ಬ್ಲಾಕ್ ಮಾಡಲೂ ಬಾರದ ಕಾರ್ಡ್. ಆದರೆ ಒಂದನೇ ಟರ್ನ್‌ಗೆ ಒಂದು ಮನಾದ್ದು, ಎರಡನೆಯದಕ್ಕೆ ಎರಡು ಮನಾದ್ದು ಅಂತ ಲೆಕ್ಕ ಹಾಕಿ ಜೋಡಿಸಿದ್ದರಿಂದ ಒಂದು ಮನಾನೂ ದಂಡವಾಗುತ್ತಿರಲಿಲ್ಲ. ಇವತ್ತು ಎಲ್ಲರೂ ಮನಾ ಕರ್ವ್ ಅನ್ನುವ ಈ ಲೆಕ್ಕ ಜನರ ತಲೆಗೆ ಹೋಗಿದ್ದು ಆ ಡೆಕ್‌ನಿಂದ.

ಕಂಟ್ರೋಲ್ ಇದಕ್ಕೆ ಉಲ್ಟಾ. ಗೆಲ್ಲಲು ಅವಸರವೇ ಇಲ್ಲ. ನಿಮ್ಮ ಪ್ರತಿ ಕಾರ್ಡಿಗೂ ಕಂಟ್ರೋಲ್ ಆಡುವವರ ಬಳಿ ಉತ್ತರ ಇರಬೇಕು, ಕೊನೆಗೆ ನಿಮ್ಮ ಕೈ ಖಾಲಿ, ಅವರ ಕೈ ತುಂಬಾ. ಕೌಂಟರ್‌ಸ್ಪೆಲ್ (ಎದುರಾಳಿ ಆಡುತ್ತಿರುವ ಸ್ಪೆಲ್ ರದ್ದು ಮಾಡುವ ಕಾರ್ಡ್) ಒಂದಕ್ಕೆ ಒಂದು ಕಾರ್ಡ್ ತೆಗೆಯುತ್ತದೆ. ರಾಥ್ ಆಫ್ ಗಾಡ್ ನಾಲ್ಕು ಮನಾಗೆ ಟೇಬಲ್ ಮೇಲಿನ ಎಲ್ಲ ಕ್ರೀಚರ್‌ಗಳನ್ನೂ ಗುಡಿಸಿಬಿಡುತ್ತದೆ. 1990ರ ದಶಕದ ಮಧ್ಯದಲ್ಲಿ ಬ್ರಯಾನ್ ವೈಸ್‌ಮನ್ ಆಡುತ್ತಿದ್ದ ಡೆಕ್‌ನಲ್ಲಿ ಗೆಲ್ಲಿಸಲು ಇದ್ದದ್ದು ಬಹುತೇಕ ಎರಡು ಸೆರಾ ಏಂಜೆಲ್ (ಒಂದು ಹೊಡೆತಕ್ಕೆ ನಾಲ್ಕು ಡ್ಯಾಮೇಜ್ ಮಾಡುವ ಕ್ರೀಚರ್) ಮಾತ್ರ. ಅಷ್ಟು ಹೊತ್ತಿಗೆ ಎದುರಾಳಿ ಕೈಯಲ್ಲಿ ಏನೂ ಉಳಿದಿರುತ್ತಿರಲಿಲ್ಲ, ಐದು ಸಲ ಹೊಡೆದರೆ 20 ಮುಗಿಯುತ್ತಿತ್ತು. ಇಂಥ ಡೆಕ್‌ಗೆ 25-26 ಲ್ಯಾಂಡ್ ಬೇಕು.

ಕಾಂಬೋ ಅಂದರೆ ಎರಡು ಮೂರು ಕಾರ್ಡ್ ಜೊತೆ ಸೇರಿದರೆ ಆಟ ಅಲ್ಲೇ ಮುಗಿಯುವುದು. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯಾಕೆಂದರೆ ಹೆಸರಿಡುವ ಆಟ ಕೆಡುವುದೇ ಇಲ್ಲಿ. ಸ್ಪ್ಲಿಂಟರ್ ಟ್ವಿನ್ ಡೆಕ್ ತೆಗೆದುಕೊಳ್ಳಿ. ಎದುರಾಳಿಯ ಟರ್ನ್ ಕೊನೆಯಲ್ಲಿ ಮೂರು ಮನಾಗೆ ಡಿಸೀವರ್ ಎಕ್ಸಾರ್ಕ್ ಅನ್ನೋ ಕ್ರೀಚರ್ ಇಳಿಸುತ್ತೀರಿ. ನಿಮ್ಮ ಟರ್ನ್ ಬಂದ ತಕ್ಷಣ ನಾಲ್ಕು ಮನಾಗೆ ಅದರ ಮೇಲೆ ಸ್ಪ್ಲಿಂಟರ್ ಟ್ವಿನ್. ಈಗ ಎಕ್ಸಾರ್ಕ್ ಟ್ಯಾಪ್ ಆಗಿ (ಅಂದರೆ ಬಳಕೆಯಾಗಿ ಅಡ್ಡ ತಿರುಗಿ) ತನ್ನದೇ ನಕಲು ಹುಟ್ಟಿಸುತ್ತದೆ. ನಕಲು ಬಂದ ಕೂಡಲೇ ಮೂಲದ್ದನ್ನು ಅನ್‌ಟ್ಯಾಪ್ (ಮತ್ತೆ ಬಳಕೆಗೆ ಸಿದ್ಧ) ಮಾಡುತ್ತದೆ. ಮತ್ತೆ ನಕಲು, ಮತ್ತೆ ಅನ್‌ಟ್ಯಾಪ್. ಬೇಕಾದಷ್ಟು ಎಕ್ಸಾರ್ಕ್ ನಿಲ್ಲಿಸಿ ಅದೇ ಟರ್ನ್‌ನಲ್ಲಿ ಹೊಡೆಯಬಹುದು. ನಾಲ್ಕನೇ ಟರ್ನ್‌ಗೆ ಗೆಲುವು.

ಪಕ್ಕಾ ಕಾಂಬೋ ಅಲ್ವಾ? ಕಾಗದದ ಮೇಲೆ ಹೌದು. ಆದರೆ ಆ ಡೆಕ್‌ನ ಉಳಿದ ಭಾಗ ತುಂಬಾ ಲೈಟ್ನಿಂಗ್ ಬೋಲ್ಟ್, ರಿಮಾಂಡ್ (ಎದುರಾಳಿಯ ಸ್ಪೆಲ್ ತಡೆಯುವುದು), ಸ್ನ್ಯಾಪ್‌ಕ್ಯಾಸ್ಟರ್ ಮೇಜ್ (ಒಂದು ಸಣ್ಣ ಕ್ರೀಚರ್). ಎದುರಾಳಿಗೆ ಮೂರನೇ ಟರ್ನ್‌ನಿಂದ ಹೆದರಿಕೆ ಶುರು. ಮನಾ ಪೂರ್ತಿ ಖರ್ಚು ಮಾಡಿದರೆ ಸತ್ತೆ ಅಂತ ಎರಡು ಮನಾ ಸುಮ್ನೆ ಉಳಿಸಿಕೊಂಡು ಕೂರುತ್ತಾರೆ. ಎಕ್ಸಾರ್ಕ್‌ಗೆ ಟಫ್‌ನೆಸ್ (ಕೊಲ್ಲಲು ಬೇಕಾದ ಡ್ಯಾಮೇಜ್) ನಾಲ್ಕು ಇರುವುದರಿಂದ ಒಂದು ಬೋಲ್ಟ್ ಸಾಕಾಗುವುದೂ ಇಲ್ಲ. ಹೀಗೆ ಅವರು ಕೈಕಟ್ಟಿ ಕೂತಿರುವಾಗ ಟ್ವಿನ್ ಆಡುವವರು ಸ್ನ್ಯಾಪ್‌ಕ್ಯಾಸ್ಟರ್‌ನಿಂದ ಚೂರು ಚೂರು ಹೊಡೆದು, ಬೋಲ್ಟ್ ಎಸೆದು, ಕಾಂಬೋ ತೋರಿಸದೆಯೇ ಎಷ್ಟೋ ಆಟ ಗೆಲ್ಲುತ್ತಿದ್ದರು. ಒಂದು ಆಟ ಮುಗಿದು ಸೈಡ್‌ಬೋರ್ಡ್‌ನಿಂದ (ಬದಿಗಿಟ್ಟ ಕಾರ್ಡ್‌ಗಳಿಂದ) ಡೆಕ್ ಬದಲಿಸಿದ ಮೇಲೆ ಕೆಲವರು ಟ್ವಿನ್ ಕಾರ್ಡ್‌ಗಳನ್ನೇ ಕಡಿಮೆ ಮಾಡುತ್ತಿದ್ದರು. ಎದುರಾಳಿ ಮಾತ್ರ ಇನ್ನೂ ಹೆದರುತ್ತಲೇ ಇರುತ್ತಿದ್ದರು! ಮಾಡರ್ನ್‌ನಲ್ಲಿ ಆ ಕಾರ್ಡನ್ನು 2016ರ ಜನವರಿಯಲ್ಲಿ ಬ್ಯಾನ್ ಮಾಡಿ, 2024ರ ಡಿಸೆಂಬರ್‌ನಲ್ಲಿ ವಾಪಸ್ ಬಿಟ್ಟರು. ಆ ಡೆಕ್ ಕಾಂಬೋನೋ ಕಂಟ್ರೋಲೋ ಟೆಂಪೋನೋ (ಇದೇನು ಅಂತ ಕೆಳಗೆ ಹೇಳುತ್ತೇನೆ) ಅನ್ನುವ ಜಗಳ ಮಾತ್ರ ನಿಂತಿಲ್ಲ. ನನ್ನ ಲೆಕ್ಕದಲ್ಲಿ ಅದು ಕಾಂಬೋದ ಬೆದರಿಕೆ ಇಟ್ಟುಕೊಂಡ ಟೆಂಪೋ ಡೆಕ್.

ಇನ್ನು ನಿಮ್ಮ ಮಿಡ್‌ರೇಂಜ್. ಇದರ ದೊಡ್ಡ ಉದಾಹರಣೆ ಜಂಡ್, ಅಂದರೆ ಕಪ್ಪು-ಕೆಂಪು-ಹಸಿರು. ಮೊದಲ ಟರ್ನ್‌ಗೆ ಥಾಟ್‌ಸೀಜ್ ಹಾಕಿ ಎದುರಾಳಿಯ ಕೈ ನೋಡಿ ಒಂದು ಒಳ್ಳೆಯ ಕಾರ್ಡ್ ಕಿತ್ತು ಬಿಸಾಕುವುದು. ಎರಡನೆಯದಕ್ಕೆ ಟಾರ್ಮಗೋಯ್ಫ್, ಅಗ್ಗದ ಬಲವಾದ ಕ್ರೀಚರ್. ಮೂರನೆಯದಕ್ಕೆ ಲಿಲಿಯಾನಾ, ಇಬ್ಬರ ಕೈಯಿಂದಲೂ ಕಾರ್ಡ್ ಬಿಸಾಕಿಸುವ ಕಾರ್ಡ್. ನಿಂದೊಂದು ಹೋಗಲಿ, ನಂದೊಂದು ಹೋಗಲಿ, ಕೊನೆಗೆ ಇಬ್ಬರೂ ಡೆಕ್‌ನ ಮೇಲಿನ ಕಾರ್ಡ್ ನಂಬಿಕೊಂಡು ಆಡುವಾಗ ನನ್ನ ಪ್ರತಿ ಕಾರ್ಡ್ ನಿನ್ನದಕ್ಕಿಂತ ದಪ್ಪ ಇರಲಿ ಅನ್ನೋದು ಇದರ ಬುದ್ಧಿ. ನಿಮ್ಮ 14 ಕೊಲ್ಲುವ ಸ್ಪೆಲ್, ಆಮೇಲೆ 6 ದೊಡ್ಡ ಕ್ರೀಚರ್ ಮಾಡುತ್ತಿರೋದೂ ಇದನ್ನೇ. ಬರೀ ಐದು ಮನಾದ ಕಾರ್ಡ್ ಇದ್ದ ಮಾತ್ರಕ್ಕೆ ಮಿಡ್‌ರೇಂಜ್ ಆಗುವುದಿಲ್ಲ.

ಮಿಕ್ಕ ಹೆಸರುಗಳನ್ನು ಬೇಗ ಮುಗಿಸುತ್ತೇನೆ. ಟೆಂಪೋ ಅಂದರೆ ಡೆಲ್ವರ್ ಆಫ್ ಸೀಕ್ರೆಟ್ಸ್ ತರಹ ಒಂದು ಮನಾದ ಕ್ರೀಚರ್ ಮೊದಲೇ ಇಳಿಸಿ, ಅದು ಹೊಡೆಯುತ್ತಿರುವಾಗ ಅಗ್ಗದ ಸ್ಪೆಲ್‌ಗಳಿಂದ ಎದುರಾಳಿಯನ್ನು ಎಡವಿಸುತ್ತಾ ಹೋಗುವುದು. ರ‍್ಯಾಂಪ್ ಅಂದರೆ ಮನಾ ಬೇಗ ಬೆಳೆಸುವುದು. ಟ್ರಾನ್ ಡೆಕ್‌ಗೆ ಅರ್ಜಾನ ಮೂರು ಲ್ಯಾಂಡ್ ಸಿಕ್ಕರೆ ಮೂರು ಮನಾ ಬರುವ ಕಡೆ ಏಳು ಬರುತ್ತದೆ, ಮೂರನೇ ಟರ್ನ್‌ಗೇ ಏಳು ಮನಾದ ಕಾರ್ನ್ ಲಿಬರೇಟೆಡ್. ಇದನ್ನು ಕೆಲವರು ಕಂಟ್ರೋಲ್ ಪಕ್ಕ ಇಡುತ್ತಾರೆ, ನಾನು ಕಾಂಬೋ ಪಕ್ಕ ಇಡುತ್ತೇನೆ. ಎದುರಾಳಿ ಏನು ಮಾಡಿದರೂ ಅದು ತನ್ನ ಮೂರು ಲ್ಯಾಂಡ್ ಹುಡುಕುತ್ತಿರುತ್ತದೆ. ಪ್ರಿಸನ್ ಅಂದರೆ ಎದುರಾಳಿ ಆಡಲಾಗದಂತೆ ಕಟ್ಟಿಹಾಕುವುದು. ಎದುರು ಕೂರುವವರಿಗೆ ಭಾರಿ ಬೇಜಾರು, ಅಷ್ಟೇ.

ಇಷ್ಟಾದಮೇಲೂ ಒಂದು ಮಾತು ಬಾಕಿ ಇದೆ, ಅದು ಈ ಹೆಸರುಗಳಿಗಿಂತ ಮುಖ್ಯ. 1999ರಲ್ಲಿ ಮ್ಯಾಜಿಕ್ ಬರಹಗಾರ ಮೈಕ್ ಫ್ಲೋರೆಸ್ ಒಂದು ಲೇಖನದಲ್ಲಿ ಹೇಳಿದ್ದು. ಯಾವ ಎರಡು ಡೆಕ್ ಎದುರುಬದುರಾದರೂ ಒಬ್ಬರು ಹೊಡೆಯುವವರು, ಇನ್ನೊಬ್ಬರು ತಡೆಯುವವರು. ತಾನು ಯಾರು ಅಂತ ತಪ್ಪು ತಿಳಿದವರು ಸೋಲುತ್ತಾರೆ. ಕ್ರಿಕೆಟ್‌ನಲ್ಲಿ ಅದೇ ಹನ್ನೊಂದು ಜನ ಮೊದಲು ಬ್ಯಾಟ್ ಮಾಡುವಾಗ ಒಂದು ತರಹ, ಚೇಸ್ ಮಾಡುವಾಗ ಇನ್ನೊಂದು ತರಹ ಆಡುತ್ತಾರಲ್ಲ, ಹಾಗೆ. ಎರಡು ಬರ್ನ್ ಡೆಕ್ ಎದುರಾದರೂ ಸ್ವಲ್ಪ ನಿಧಾನ ಇರುವವರು ತಡೆಯುವವರಾಗಲೇಬೇಕು, ಓಟದಲ್ಲಿ ಅವರು ಗೆಲ್ಲೋದಿಲ್ಲ.

ಮಿಡ್‌ರೇಂಜ್ ಆಡುವವರಿಗೆ ಈ ತಲೆನೋವು ಎಲ್ಲರಿಗಿಂತ ಜಾಸ್ತಿ. ನಿಮ್ಮ ಎದುರು ಪೂರ್ತಿ ಕೆಂಪು ಅಗ್ರೋ ಬಂದರೆ ನೀವು ಕಂಟ್ರೋಲ್. ಎರಡು ಮನಾದ ಕ್ರೀಚರ್‌ಗಳನ್ನು ಬ್ಲಾಕ್ ಮಾಡಲು ಹಿಂದೆ ನಿಲ್ಲಿಸಿ, ಸ್ಪೆಲ್‌ಗಳನ್ನು ಕೂಡಲೇ ಖರ್ಚು ಮಾಡಿ, ಐದನೇ ಲ್ಯಾಂಡ್ ಬರುವವರೆಗೆ ಬದುಕಿ. ಜಂಡ್ ಆಡುವವರು ಬರ್ನ್ ಎದುರು ಥಾಟ್‌ಸೀಜ್ ಹೊರಗಿಡುವುದೂ ಇದಕ್ಕೇ. ಅದು ಎರಡು ಲೈಫ್ ಕೇಳುತ್ತದೆ, ತಡೆಯಬೇಕಾದವರು ಆ ಲೈಫ್ ಕೊಡುವ ಹಾಗಿಲ್ಲ. ಕಂಟ್ರೋಲ್ ಎದುರು ಬಂದರೆ ನೀವೇ ಅಗ್ರೋ. ಅವರ ಹತ್ತಿರ ಕ್ರೀಚರ್ ಕಡಿಮೆ, ನಿಮ್ಮ 14 ಸ್ಪೆಲ್ ಕೈಯಲ್ಲಿ ಕೊಳೆಯುತ್ತವೆ. ಎರಡನೇ ಟರ್ನ್‌ನಿಂದಲೇ ಹೊಡೆಯಲು ಶುರು ಮಾಡಿ. ಆದರೆ ಎರಡು ಕ್ರೀಚರ್ ಇಳಿಸಿದ ಮೇಲೆ ಮೂರನೆಯದನ್ನು ಕೈಯಲ್ಲೇ ಇಟ್ಟುಕೊಳ್ಳಿ, ಗುಡಿಸುವ ಸ್ಪೆಲ್ ಬಿದ್ದ ಮೇಲೆ ಅದು ಬೇಕಾಗುತ್ತದೆ.

ಅರೀನಾದಲ್ಲಿ ಒಂದೇ ಆಟದ ಪಂದ್ಯ ಆಡುತ್ತಿದ್ದರೆ ಮಧ್ಯದಲ್ಲಿ ಸೈಡ್‌ಬೋರ್ಡ್‌ನಿಂದ ಕಾರ್ಡ್ ಬದಲಿಸಲು ಆಗುವುದಿಲ್ಲ. ಹಾಗಾಗಿ 14 ಕೊಲ್ಲುವ ಸ್ಪೆಲ್ ಸ್ವಲ್ಪ ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಅದರಲ್ಲಿ ನಾಲ್ಕು ತೆಗೆದು ಎದುರಾಳಿಯ ಕೈಯಿಂದ ಕಾರ್ಡ್ ಕೀಳುವ ಕಪ್ಪು ಸ್ಪೆಲ್ ಹಾಕಿ ನೋಡಿ. ಅವು ಕಂಟ್ರೋಲ್ ಎದುರೂ ಕೆಲಸಕ್ಕೆ ಬರುತ್ತವೆ. ಇಲ್ಲ, ನನಗೆ ಅಗ್ರೋನೇ ಆಡಬೇಕು ಅಂದರೆ ಐದು ಮನಾದ ಆರನ್ನೂ ತೆಗೆಯಿರಿ, ಲ್ಯಾಂಡ್ 21ಕ್ಕೆ ಇಳಿಸಿ, ಖಾಲಿಯಾದ ಒಂಬತ್ತು ಜಾಗಕ್ಕೆ ಒಂದು ಮನಾದ ಕ್ರೀಚರ್ ತುಂಬಿ. ಸದ್ಯ ನಿಮ್ಮ ಡೆಕ್‌ನಲ್ಲಿ ಒಂದು ಮನಾದ ಕ್ರೀಚರ್ ಒಂದೂ ಇಲ್ಲ, ಅದನ್ನು ನೋಡಿದ ಮೇಲೇ ನಾನು ಅಗ್ರೋ ಅಲ್ಲ ಅಂದದ್ದು. ಆ ದೊಡ್ಡ ಆರು ಕಾರ್ಡ್ ಯಾವುವು ಅಂತ ಕಾಮೆಂಟ್‌ನಲ್ಲಿ ಹೇಳಿ, ಯಾವುದನ್ನು ಇಟ್ಟುಕೊಳ್ಳಬಹುದು ನೋಡೋಣ.